ಗಾಡ್ ಪ್ರಾಮಿಸ್!

ಮುಂಬಯಿಯ ಕ್ರೈಸ್ತರಲ್ಲಿ ಬಗೆಬಗೆಯ ಪಂಗಡಗಳಿವೆ. ಗೋವಾದವರು, ನಮ್ಮಂಥ ಮಂಗಳೂರಿನವರು, ಕೇರಳದವರು, ತಮಿಳರು. ಇವರ ಜೊತೆಗೆ, ಪಡುವಣ ಕಡಲ ದಂಡೆಯಲ್ಲೇ ತಲೆತಲಾಂತರದಿಂದ ಬದುಕಿದ್ದರೂ 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ಹೊತ್ತಿಗೆ, ‘ಈಸ್ಟ್ ಇಂಡಿಯನ್’ ಎಂಬ ಹೆಸರಿಟ್ಟುಕೊಂಡ ಮೂಲನಿವಾಸಿಗಳು. ಇವರೆಲ್ಲ ಭೇದ ಮರೆತು ಒಂದಾಗುವ ಜಾಗವೆಂದರೆ ಚರ್ಚಿನ ಬಾಗಿಲು. ಬಾಗಿಲೆಂದರೆ ಬಾಗಿಲೇ, ಒಳಗಲ್ಲ.

ಊರಿನಿಂದ ಬಂದಿದ್ದ ಅಮ್ಮನನ್ನು ಭಾನುವಾರ ನಮ್ಮ ಉಪನಗರದ ಚರ್ಚಿಗೆ ಕರೆದೊಯ್ದಿದ್ದೆ. ಹೊರಗೆ ನಿಂತ ಗುಂಪನ್ನು ಕಂಡು ಅವಳಿಗೆ ಮರುಕ ಬಂತು.

“ಪಾಪ, ಅವರಿಗೆ ಒಳಗೆ ಜಾಗ ಇಲ್ವಾ ಮಗಾ?”

“ಉಂಟಮ್ಮ. ಮೂರು ಬೆಂಚು ಖಾಲಿ ಉಂಟು.”

“ಮತ್ತೆ?”

ಏನು ಹೇಳಲಿ? ಇವರು ವಿರಾರ್ ಲೋಕಲ್ ರೈಲಿನಲ್ಲಿ ಬೆಳೆದವರು. ಸೀಟು ಖಾಲಿ ಇದ್ದರೂ ಬಾಗಿಲಲ್ಲೇ ನಿಲ್ಲಬೇಕು, ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿಯಬೇಕು. ಪೂಜೆಯಲ್ಲೂ ಅದೇ ಕ್ರಮ. ಪ್ರವಚನ ಶುರುವಾದೊಡನೆ ಮೊಬೈಲ್ ಹೊರಬರುತ್ತದೆ. ಪರಮಪ್ರಸಾದ ನಾಲಿಗೆಯ ಮೇಲೆ ಕರಗುವಷ್ಟರಲ್ಲಿ ಬೈಕು ಸ್ಟಾರ್ಟ್ ಆಗಿರುತ್ತದೆ. ಫಾದರ್ ಕೊನೆಯ ಆಶೀರ್ವಾದಕ್ಕೆ ಕೈ ಎತ್ತುವಾಗ ಇವರು ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿರುತ್ತಾರೆ.

ಪರಮಪ್ರಸಾದಕ್ಕೆ ಮುಂಚೆ ಉಪವಾಸವಿರಬೇಕೆಂಬ ನಿಯಮವೂ ಉಂಟು. ನಮ್ಮಜ್ಜಿಯ ಕಾಲದಲ್ಲಿ ನಡುರಾತ್ರಿಯಿಂದಲೇ ಬಾಯಿ ಕಟ್ಟಬೇಕಿತ್ತು. 1957ರಲ್ಲಿ ರೋಮ್ ಅದನ್ನು ಮೂರು ಗಂಟೆಗೆ ಇಳಿಸಿತು, 1964ರಲ್ಲಿ ಒಂದೇ ಗಂಟೆಗೆ. ಉಳಿದದ್ದನ್ನು ನಾವೇ ಇಳಿಸಿಕೊಂಡೆವು. ಏಳರ ಪೂಜೆಗೆ ಹೊರಟ ನಮ್ಮ ಕಟ್ಟಡದ ಅಂಕಲ್ ಒಬ್ಬರು ವಡಾಪಾವ್ ಗಾಡಿಯ ಮುಂದೆ ನಿಂತು ಲೆಕ್ಕ ಒಪ್ಪಿಸುತ್ತಾರೆ: “ಇವತ್ತು ದೊಡ್ಡ ಫಾದರ್. ಪ್ರವಚನಕ್ಕೇ ಅರ್ಧ ಗಂಟೆ ಬೇಕು. ಪ್ರಸಾದ ಏಳು ಐವತ್ತಕ್ಕಿಂತ ಮೊದಲು ಸಿಗುವುದಿಲ್ಲ. ಈಗ ಆರು ನಲವತ್ತೈದು. ಇನ್ನೊಂದು ಕೊಡು!” ಉದ್ದ ಪ್ರವಚನದಿಂದ ಯಾರಿಗಾದರೂ ಲಾಭವಾದದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರುವ ಘಳಿಗೆ ಬರುತ್ತದೆ. ಬೇರೆ ದೇಶಗಳಲ್ಲಿ ಕೈ ಕುಲುಕುತ್ತಾರಂತೆ. ನಾವು ಕೈಜೋಡಿಸಿ ತಲೆಬಾಗುತ್ತೇವೆ. ಇದರಲ್ಲೊಂದು ಅನುಕೂಲವಿದೆ: ಎದುರಿನವರ ಮುಖ ನೋಡಬೇಕಾಗಿಲ್ಲ. ನಮ್ಮ ಬಾತ್‌ರೂಮಿನ ಸೀಲಿಂಗಿನಿಂದ ನೀರು ತೊಟ್ಟಿಕ್ಕಲು ಕಾರಣರಾದ ಮೇಲಿನ ಮನೆಯವರಿಗೂ ನಮಗೂ ಪ್ರತಿ ಭಾನುವಾರ ಹೀಗೆ ಶಾಂತಿ ಒಪ್ಪಂದವಾಗುತ್ತದೆ. ಅದರ ವಾಯಿದೆ ಚರ್ಚಿನ ಮೆಟ್ಟಿಲ ತನಕ. ಆಮೇಲೆ, “ಪ್ಲಂಬರ್ ಯಾವಾಗ ಬರ್ತಾನೆ?”

ಮಾಹಿಮಿನ ಸೇಂಟ್ ಮೈಕೆಲ್ಸ್ ಚರ್ಚಿನಲ್ಲಿ 1948ರಿಂದ ಬುಧವಾರದ ನೊವೆನಾ ಪ್ರಾರ್ಥನೆ ನಡೆಯುತ್ತಿದೆ. ಜಾತಿಮತವೆನ್ನದೆ ಊರಿಗೂರೇ ಬರುತ್ತದೆ. ಅಲ್ಲಿಯ ಸಾಲಿನಲ್ಲಿ ನನ್ನ ಮುಂದೆ ಮೇಣದಬತ್ತಿ ಹಿಡಿದು ನಿಂತಿದ್ದವನ ಫೋನು ಬಡಿದುಕೊಂಡಿತು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: “ಸರ್, ಕ್ಲೈಂಟ್ ಜೊತೆ ಮೀಟಿಂಗಲ್ಲಿ ಇದ್ದೇನೆ. ಗಾಡ್ ಪ್ರಾಮಿಸ್!” ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದೆಂಬ ಆಜ್ಞೆ ಮೋಶೆಗೆ ಸಿನಾಯ್ ಬೆಟ್ಟದ ಮೇಲೆ ಸಿಕ್ಕಿತ್ತು. ಇಲ್ಲಿ ಸಾಕ್ಷಿಗೆ ಕರೆದ ದೇವರು ಐವತ್ತು ಅಡಿ ದೂರದಲ್ಲೇ ಕೇಳಿಸಿಕೊಳ್ಳುತ್ತಿದ್ದ. ಕ್ಲೈಂಟ್ ಯಾರು ಎಂಬುದನ್ನು ಫೋನಿನವನು ಬಿಡಿಸಿ ಹೇಳಲಿಲ್ಲ, ಅಷ್ಟೆ.

ಇವೆಲ್ಲ ಸಣ್ಣವು. ದೊಡ್ಡದು ನಮ್ಮ ಕಟ್ಟಡದ ಮೆಟ್ಟಿಲ ಮೂಲೆಯಲ್ಲಿದೆ. ಅಲ್ಲಿ ಪಾನ್, ಗುಟ್ಕಾ ಉಗುಳುವವರ ಕಾಟ ತಡೆಯಲಾರದೆ ಸೊಸೈಟಿ ದೇವರ ಟೈಲ್ಸ್ ಹಾಕಿಸಿತು; ಮುಂಬಯಿಯ ಸಾವಿರಾರು ಕಟ್ಟಡಗಳ ಹಳೆಯ ಉಪಾಯ. ಗಣಪತಿ, ಸಾಯಿಬಾಬಾ, ಮೆಕ್ಕಾ, ಯೇಸು, ಎಲ್ಲರೂ ಸಾಲಾಗಿ. ಸರ್ವಧರ್ಮ ಸಮಭಾವ ಈ ನಗರದಲ್ಲಿ ಕೊರತೆಯಿಲ್ಲದೆ ಜಾರಿಯಾಗಿರುವುದು ಇಂಥ ಮೂಲೆಗಳಲ್ಲೇ. ಸಭೆಯಲ್ಲಿ ನಮ್ಮವರಾರೂ ಬೇಡವೆನ್ನಲಿಲ್ಲ. “ನಮ್ಮ ಟೈಲ್ ಸ್ವಲ್ಪ ಮೇಲಿರಲಿ” ಎಂದರು. ಸೈನಿಕರು ಯೇಸುವಿನ ಮೇಲೆ ಉಗುಳಿದ ಕಥೆಯನ್ನು ಪವಿತ್ರ ವಾರದಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವ ನಾವೇ, ಆ ಮುಖವನ್ನು ಉಗುಳು ಬೀಳುವ ಜಾಗದಲ್ಲಿ ಕಾವಲಿಗೆ ನಿಲ್ಲಿಸಿದ್ದೇವೆ. ಸಂಬಳವಿಲ್ಲ, ರಜೆಯಿಲ್ಲ. ಗೇಟಿನ ವಾಚ್‌ಮನ್ನನಿಗಾದರೂ ಒಂದು ಕುರ್ಚಿ ಇದೆ.

2006ರಲ್ಲಿ ‘ದ ಡಾ ವಿಂಚಿ ಕೋಡ್’ ಚಿತ್ರ ಬಂದಾಗ ಧರ್ಮಕ್ಕೆ ಅವಮಾನವಾಯಿತೆಂದು ಇದೇ ಮುಂಬಯಿಯಲ್ಲಿ ನಮ್ಮವರು ಕೆಲವರು ಬೀದಿಗಿಳಿದಿದ್ದರು. ಕೊನೆಗೆ, ಇದು ಬರೀ ಕಲ್ಪನೆ ಎಂಬ ಸೂಚನೆ ಅಂಟಿಸಿಕೊಂಡು ಚಿತ್ರ ತೆರೆಕಂಡಿತು. ಅದು ಕೆಲವು ವಾರ ಓಡಿ ಹೋಯಿತು. ನಮ್ಮ ಪ್ರದರ್ಶನವಾದರೋ ವರ್ಷವಿಡೀ ಇದೆ, ಟಿಕೆಟ್ಟೂ ಇಲ್ಲ. ಮನೆಕೆಲಸದ ಬಾಯಿ, ರಿಕ್ಷಾದವನು, ಆಫೀಸಿನ ಪ್ಯೂನ್ ದಿನಾ ನೋಡುತ್ತಾರೆ. ನಮ್ಮ ದೇವರು ಹೇಗಿರಬಹುದೆಂದು ನಮ್ಮನ್ನು ನೋಡಿಯೇ ಅಂದಾಜು ಮಾಡುತ್ತಾರೆ. ಹಾಗಾಗಿ ನನ್ನ ಕೊರಳ ಶಿಲುಬೆಯ ಹಿಂಬದಿಯಲ್ಲೂ ಒಂದು ಸೂಚನೆ ಕೆತ್ತಿಸೋಣವೆಂದು ಅಕ್ಕಸಾಲಿಗನ ಹತ್ತಿರ ಹೋದೆ: ‘ಈ ವ್ಯಕ್ತಿಯ ನಡತೆಗೂ ಮುಂಬದಿಯಲ್ಲಿರುವವರಿಗೂ ಯಾವುದೇ ಸಂಬಂಧವಿಲ್ಲ. ಹೋಲಿಕೆ ಕಂಡುಬಂದರೆ ಅದು ಕೇವಲ ಕಾಕತಾಳೀಯ.’

ಅವನು ಅಕ್ಷರಗಳನ್ನು ಎಣಿಸಿ, ಇಷ್ಟು ಹಿಡಿಸಬೇಕಾದರೆ ಶಿಲುಬೆ ಇನ್ನೂ ದೊಡ್ಡದಾಗಬೇಕು ಎಂದ.

ಅಷ್ಟು ದೊಡ್ಡದನ್ನು ಹೊರುವುದು ನನ್ನಿಂದಾಗದು ಎಂದು ಎದ್ದು ಬಂದೆ.