ಸ್ವಲ್ಪ ಈ ಕಡೆ ನೋಡಿ ಸಾರ್

ನಮ್ಮ ಮದುವೆಗಳಲ್ಲಿ ವಧೂವರರಿಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವನು ಪುರೋಹಿತನೂ ಅಲ್ಲ, ಸೋದರಮಾವನೂ ಅಲ್ಲ, ವಿಡಿಯೋದವನು. ಛತ್ರದ ತುಂಬ ಜನ ಅಕ್ಷತೆ ಹಿಡಿದು ಕಾದಿರುತ್ತಾರೆ. 'ಗಟ್ಟಿಮೇಳ, ಗಟ್ಟಿಮೇಳ' ಎಂಬ ಕೂಗೇಳುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನಮಗೆಲ್ಲ ಅವನ ಬೆನ್ನಿನ ದರ್ಶನವಾಗುತ್ತದೆ. ಎಸೆದ ಅಕ್ಷತೆಯಲ್ಲಿ ಅರ್ಧ ಅವನ ತಲೆಗೇ ಬೀಳುವುದರಿಂದ, ಅವನಷ್ಟು ಆಶೀರ್ವಾದ ಪಡೆದವನು ಈ ರಾಜ್ಯದಲ್ಲಿ ಇನ್ನೊಬ್ಬನಿರಲಾರ.

ನನ್ನ ತಂಗಿಯ ಮದುವೆಗೆ ಬಂದಿದ್ದವನು ಈ ಕುಲಕ್ಕೆ ಕಳಶಪ್ರಾಯ. ಹೆಗಲ ಮೇಲೆ ಪ್ಯಾನಸೋನಿಕ್ ಕ್ಯಾಮೆರಾ, ಹಿಂದೆ ಹ್ಯಾಲೊಜನ್ ದೀಪ ಎತ್ತಿಹಿಡಿದ ಹುಡುಗ, ಹುಡುಗನ ಹಿಂದೆ ಉದ್ದನೆಯ ವೈರು. ಎಡವಿದವರಲ್ಲಿ ಬೀಗರೂ ಇದ್ದರು. ಧಾರೆ ಮುಗಿದು ಅಮ್ಮ ಕಣ್ಣೊರೆಸಿಕೊಳ್ಳುತ್ತಿರುವಾಗ ಈತ, "ಫೋಕಸ್ ಔಟ್ ಆಯ್ತು, ಇನ್ನೊಂದ್ಸಲ ಎರೀರಿ ಸಾರ್" ಎಂದ.

ಪುರೋಹಿತರು ಕೆಂಡವಾದರು. "ಒಂದೇ ಕನ್ಯೇನ ಎರಡು ಸಲ ದಾನ ಮಾಡೋಕಾಗುತ್ತೇನಯ್ಯ?"

"ಮಂತ್ರ ಬೇಡ ಸ್ವಾಮಿ, ಆಕ್ಷನ್ ಸಾಕು."

ಅಪ್ಪ ಮತ್ತೊಮ್ಮೆ ಹಾಲು ಎರೆದರು, ಈ ಸಲ ಕ್ಯಾಮೆರಾ ನೋಡಿಕೊಂಡು. ಕ್ಯಾಸೆಟ್ಟಿನಲ್ಲಿರುವುದು ಆ ಎರಡನೆಯ ಧಾರೆ. ಮೊದಲನೆಯದಕ್ಕೆ ಅಗ್ನಿಯೊಬ್ಬನೇ ಸಾಕ್ಷಿ.

ಮಟಮಟ ಮಧ್ಯಾಹ್ನ ಛತ್ರದ ಫ್ಯಾನಿನತ್ತ ಬೆರಳು ತೋರಿಸಿ ಅರುಂಧತಿಯನ್ನು ಕಂಡು ನಗಬೇಕೆಂದ, ಕಂಡರು, ನಕ್ಕರು. ಹೋಳಿಗೆ ಬಾಯಿಗಿಡುವ ಹೊತ್ತಿಗೇ ಮುಖಕ್ಕೆ ದೀಪ ಬಿತ್ತು. ಆಮೇಲೆ ಮಿಕ್ಸಿಂಗ್: ತೆಂಗಿನಕಾಯಿ ಒಡೆದರೆ ಒಂದು ಹೋಳಿನಲ್ಲಿ ವಧು, ಇನ್ನೊಂದರಲ್ಲಿ ವರ. ಈಗ ಇವನ ಉತ್ತರಾಧಿಕಾರಿಗಳು ಡ್ರೋನ್ ಹಾರಿಸುತ್ತಾರೆ. 2021ರ ನಿಯಮದ ಪ್ರಕಾರ 250 ಗ್ರಾಂ ಒಳಗಿನದಕ್ಕೆ ಪೈಲಟ್ ಪರವಾನಗಿಯೂ ಬೇಡ. ಅಕ್ಷತೆ ಇನ್ನು ಮೇಲಕ್ಕೆ ಎಸೆಯಬೇಕೇನೋ.

ಆದರೆ ಆ ಕ್ಯಾಸೆಟ್ಟಿನ ಕೊನೆಯಲ್ಲಿ ಒಂದು ತುಣುಕಿದೆ. ಕಡೆಯ ಪಂಕ್ತಿಯಲ್ಲಿ, ಪಾಯಸ ಮುಗಿದ ಮೇಲೆ, ಪಾಪ, ಅವನು ಊಟಕ್ಕೆ ಕೂತಾಗ ಪಕ್ಕದಲ್ಲಿಟ್ಟ ಕ್ಯಾಮೆರಾ ನಿಂತಿರಲಿಲ್ಲ. ಕಾಣುವುದು ಒಂದು ಕಂಬ, ಮಡಿಸಿದ ಜಮಖಾನೆ. ಕೇಳುವುದು ಅಪ್ಪನ ದನಿ: ಅಡುಗೆಯವರೊಂದಿಗೆ ಉಳಿದ ಲಾಡುವಿನ ಲೆಕ್ಕ, ಆಮೇಲೆ ತಗ್ಗಿದ ಸ್ವರದಲ್ಲಿ, "ನೀನು ಊಟ ಮಾಡ್ದೇನೇ?" ಅಪ್ಪ ಅಮ್ಮನನ್ನು ಹಾಗೆ ಕೇಳಿದ್ದನ್ನು ನಾವು ಮಕ್ಕಳು ಎಂದೂ ಕೇಳಿರಲಿಲ್ಲ. "ವೇಸ್ಟ್ ಫೂಟೇಜ್ ಸಾರ್, ಕಟ್ ಮಾಡೋಕೆ ಮರೆತೆ" ಎಂದು ಆತ ಕ್ಷಮೆ ಕೇಳಿದ್ದ. ಈಗ ಅಪ್ಪನಿಲ್ಲ. ಮನೆಯವರು ಸೇರಿದಾಗ ಧಾರೆ, ತೆಂಗಿನಕಾಯಿ ಎಲ್ಲ ಓಡಿಸಿ ಅಲ್ಲಿಗೇ ಹೋಗುತ್ತೇವೆ.

ವಿಎಚ್‌ಎಸ್ ಟೇಪಿಗೆ ನಮ್ಮ ಮಳೆಗಾಲ ಆಗದು, ಬೂಷ್ಟು ಹಿಡಿಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈನಲ್ಲಿ ಕೈಬಿಟ್ಟಿತು. ಅಟ್ಟದ ಮೇಲೆ ಮದುವೆ ಕ್ಯಾಸೆಟ್ ಇದ್ದರೆ ಬೇಗ ಇಳಿಸಿ, ಡಿಜಿಟಲ್ ಮಾಡಿಸಿ. ವೇಸ್ಟ್ ಕಟ್ ಮಾಡಬೇಡಪ್ಪಾ ಎಂದು ಅಂಗಡಿಯವನಿಗೆ ಮೊದಲೇ ಹೇಳಿಬಿಡಿ.