ಟೆಸ್ಟಿಂಗ್ ಫ್ರೇಮ್‌ವರ್ಕ್ ಮೀಮಾಂಸೆ

ವೆಬ್ ಅಪ್ಲಿಕೇಷನ್ನಿಗೆ ಯಾವ ಟೆಸ್ಟಿಂಗ್ ಫ್ರೇಮ್‌ವರ್ಕ್ ಉತ್ತಮವೆಂಬ ಜಿಜ್ಞಾಸೆಗೆ ಆಕರಗಳು ಎರಡೇ: ಪ್ರಾಜೆಕ್ಟಿನ ಪ್ಯಾಕೇಜ್ ಡಾಟ್ ಜೇಸನ್ ಫೈಲು ಮತ್ತು ಕೆಲಸ ಬಿಟ್ಟುಹೋದವರ ಕಾಮೆಂಟುಗಳು. ಎರಡನೆಯದು ಬಹುತೇಕ ಅಲಭ್ಯವಾದ್ದರಿಂದ ಮೊದಲನೆಯದನ್ನೇ ಶಾಸನವೆಂದು ಬಗೆದು ಕಾಲನಿರ್ಣಯ ಮಾಡತಕ್ಕದ್ದು.

ಕ್ಯೂಯೂನಿಟ್ ಕಂಡರೆ ಅದು ಜೆಕ್ವೆರಿಯ ಕಾಲ. ಜಾಸ್ಮಿನ್, ಕರ್ಮಾ ಜೋಡಿಯಾಗಿ ಸಿಕ್ಕರೆ ಆ್ಯಂಗುಲರ್ ವಂಶದ ಆಳ್ವಿಕೆ. ಮೋಕಾ ಇದ್ದಲ್ಲಿ ಚಾಯ್ ಕೂಡ ಇದ್ದೇ ಇರುತ್ತದೆ. ಮೋಕಾ ಟೆಸ್ಟ್ ಓಡಿಸುತ್ತದೆಯೇ ಹೊರತು ಸರಿ-ತಪ್ಪು ಹೇಳುವ ಉಸಾಬರಿಗೆ ಹೋಗುವುದಿಲ್ಲ. 2014ರಲ್ಲಿ ಫೇಸ್‌ಬುಕ್ ಹೊರಬಿಟ್ಟ ಜೆಸ್ಟ್ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕೊಟ್ಟಿತು. ಇವೆಲ್ಲವೂ ಒಂದೇ ಫೈಲಿನಲ್ಲಿದ್ದರೆ ನಾಲ್ವರು ಟೆಕ್ ಲೀಡ್‌ಗಳು ಬಂದುಹೋದರೆಂದು ಊಹಿಸಬಹುದು. ಮೂವರೆಂಬ ಪಾಠಾಂತರವೂ ಉಂಟು.

ಜೆಸ್ಟಿನ ಸ್ನ್ಯಾಪ್‌ಶಾಟ್ ಪದ್ಧತಿ ವಿಶೇಷ ಅಧ್ಯಯನಕ್ಕೆ ಅರ್ಹ. ಪುಟದ ಹಳೆಯ ರೂಪಕ್ಕೂ ಹೊಸ ರೂಪಕ್ಕೂ ತಾಳೆಯಾಗದೆ ಟೆಸ್ಟ್ ಬಿದ್ದರೆ, ಕೀಬೋರ್ಡಿನಲ್ಲಿ 'ಯು' ಅಕ್ಷರ ಒತ್ತಿದರಾಯಿತು. ಹೊಸದೇ ಪ್ರಮಾಣವಾಗಿ ಎಲ್ಲವೂ ಹಸಿರಾಗುತ್ತದೆ. ವಿದ್ಯಾರ್ಥಿ ಫೇಲಾದಾಗ ಕೀ ಉತ್ತರವನ್ನೇ ತಿದ್ದುವ ಇಂಥ ಕರುಣೆ ನಮ್ಮ ಎಸ್ಸೆಸ್ಸೆಲ್ಸಿ ಮಂಡಳಿಗೂ ಹೊಳೆದಿಲ್ಲ.

ಪೂರ್ವಪಕ್ಷಿಗಳು ಕೇಳಬಹುದು: ವೇಗ ಮುಖ್ಯವಲ್ಲವೇ? ನಿಜ. ಆದರೆ ಜೆಸ್ಟಿನಂಥವುಗಳ ವೇಗದ ಗುಟ್ಟು ಜೆಎಸ್‌ಡಾಮ್ ಎಂಬ ಮಾಯಾ ಬ್ರೌಸರಿನಲ್ಲಿದೆ. ಅಲ್ಲಿ ಯಾವ ವಸ್ತುವಿಗೂ ಅಗಲವಿಲ್ಲ, ಎತ್ತರವಿಲ್ಲ. 'ಹಣ ಪಾವತಿಸಿ' ಗುಂಡಿಯ ಮೇಲೆ ಕುಕೀ ಬ್ಯಾನರ್ ಕವುಚಿಕೊಂಡಿದ್ದರೂ ಕ್ಲಿಕ್ ಸಲ್ಲುತ್ತದೆ, ಟೆಸ್ಟ್ ಪಾಸಾಗುತ್ತದೆ. ಗಿರಾಕಿ ಮಾತ್ರ ಒತ್ತಿ ಒತ್ತಿ ಸೋಲುತ್ತಾನೆ. 2020ರಲ್ಲಿ ಮೈಕ್ರೋಸಾಫ್ಟ್ ತಂದ ಪ್ಲೇರೈಟ್ ನಿಜವಾದ ಬ್ರೌಸರನ್ನೇ ತೆರೆದು, ಗುಂಡಿಗೆ ಕ್ಲಿಕ್ ಮುಟ್ಟುವುದೋ ಇಲ್ಲವೋ ನೋಡಿಯೇ ಮುಂದುವರಿಯುತ್ತದೆ. ನಿಧಾನ, ಒಪ್ಪೋಣ.

ಇನ್ನು ಆಯ್ಕೆ ಮಾಡುವವರಾರು? ಈ ಪ್ರಬಂಧದ ಮುಖ್ಯ ಸಿದ್ಧಾಂತ ಇಲ್ಲಿದೆ: ನೋಟಿಸ್ ಪೀರಿಯಡ್ ಹತ್ತಿರವಾದಷ್ಟೂ ಫ್ರೇಮ್‌ವರ್ಕಿನ ಬಗ್ಗೆ ಅಭಿಪ್ರಾಯ ಖಚಿತವಾಗುತ್ತದೆ. ಮೈಗ್ರೇಷನ್ ಶುರುಮಾಡಿದವರು ಅದನ್ನು ಮುಗಿಸಿದ ಉದಾಹರಣೆ ಶಾಸನಗಳಲ್ಲಿ ಸಿಕ್ಕಿಲ್ಲ. ಔಟರ್ ರಿಂಗ್ ರೋಡಿನ ಉತ್ಖನನಗಳು ಇದಕ್ಕೆ ಸಾಕ್ಷಿ.

ನಿರ್ಣಯ: ವೀಟ್ ಎಂಬ ಬಿಲ್ಡ್ ಟೂಲ್ ಬಳಸುವ ಹೊಸ ಪ್ರಾಜೆಕ್ಟಿಗೆ ಅದರದೇ ಬಳಗದ ವೀಟೆಸ್ಟ್, ಹಣದ ಗುಂಡಿಗೆ ಪ್ಲೇರೈಟ್, ಹಳೆಯ ಜೆಸ್ಟ್ ನಡೆಯುತ್ತಿದ್ದರೆ ಅದರ ತಂಟೆಗೆ ಹೋಗಕೂಡದು. ಭಿನ್ನಮತದ ವಿದ್ವಾಂಸರು ತಮ್ಮ ಲಾಗಿನ್ ಪುಟಕ್ಕೊಂದು ಟೆಸ್ಟ್ ಬರೆದು, ಅದು ಪಾಸಾದ ಮೇಲಷ್ಟೇ ಆಕ್ಷೇಪಣೆ ಕಳಿಸಬೇಕಾಗಿ ವಿನಂತಿ.