ಮಳೆ ಹೆಚ್ಚಾದಂತೆ ‘ಗೆ’ಯು ‘ಕ್ಕೆ’ಯಾಗುವ ಬಗೆ

ಕನ್ನಡ ಕಲಿಯಹೊರಟವರು ಮೊದಲು ಎಡವುವುದು ಚತುರ್ಥಿಯ ಹೊಸ್ತಿಲಲ್ಲಿ. ಕಾಫಿ ಕುಯ್ಲಿಗೆಂದು ಅಸ್ಸಾಮಿನಿಂದ ಬಂದವನಿಗೆ ಚಿಕ್ಕಮಗಳೂರು ಬಸ್ ನಿಲ್ದಾಣದಲ್ಲಿ ಕೇಳುವುದು ‘ಮೂಡಿಗೆರೆಗೆ’, ‘ಕಳಸಕ್ಕೆ’. ವಾಪಸು ಬರುವಾಗ ‘ಚಿಕ್ಕಮಗಳೂರಿಗೆ’. ರಸ್ತೆ ಒಂದೇ, ಬಸ್ಸೂ ಒಂದೇ, ಪ್ರತ್ಯಯದ ವೇಷ ಮಾತ್ರ ಮೂರು. 1260ರ ಸುಮಾರಿಗೆ ಶಬ್ದಮಣಿದರ್ಪಣ ರಚಿಸಿದ ಕೇಶಿರಾಜನ ಕಾಲಕ್ಕೆ ಈ ಗುಡ್ಡಗಳಲ್ಲಿ ಕಾಫಿಯೇ ಇರಲಿಲ್ಲ. ಹೀಗಾಗಿ ಅವನ ಕಣ್ಣಿಗೆ ಬೀಳದ ಸತ್ಯವೊಂದನ್ನು ಇಲ್ಲಿ ಮಂಡಿಸಬೇಕಾಗಿದೆ: ಪ್ರತ್ಯಯವನ್ನು ನಿರ್ಧರಿಸುವುದು ಮಳೆ. ಬಯಲುಸೀಮೆಯ ಕಡೂರಿಗೆ, ತರೀಕೆರೆಗೆ ಹೋಗುವವರ ಬಾಯಲ್ಲಿ ‘ಗೆ’ ತರಗೆಲೆಯಂತೆ ಹಗುರಾಗಿ ಉದುರುತ್ತದೆ. ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಬರುವಷ್ಟರಲ್ಲಿ ಗಾಳಿ ಕೊಡೆಯನ್ನೇ ಮಗುಚುತ್ತಿರುತ್ತದೆ. ಒತ್ತಕ್ಷರ ಹಾಕಿ ಕೂಗದಿದ್ದರೆ ಊರಿನ ಹೆಸರು ಕಂಡಕ್ಟರನ ಕಿವಿ ಮುಟ್ಟುವುದಿಲ್ಲ. ಕೊಟ್ಟಿಗೆಹಾರಕ್ಕೆ, ಕಳಸಕ್ಕೆ, ಕುದುರೆಮುಖಕ್ಕೆ ಎಂಬ ರೂಪಗಳು ಹುಟ್ಟಿದ್ದು ಹೀಗೆ.

ನೆಲ ನೋಡಿ ವ್ಯಾಕರಣವೇ ಎಂದು ನಗುವವರು ಡೆನ್ಮಾರ್ಕಿನ ಕಡೆ ನೋಡಲಿ. ಡ್ಯಾನಿಷ್ ಭಾಷೆಯಲ್ಲಿ ‘ಅಲ್ಲಿ’ ಎನ್ನಲು ಜಟ್‌ಲೆಂಡಿಗೆ ‘ಇ’, ಫ್ಯೂನ್ ದ್ವೀಪಕ್ಕೆ ‘ಪೊ’. ಸುತ್ತ ನೀರಿದ್ದರೆ ‘ಪೊ’ ಎಂದು ಹೊಸಬರು ನೆಮ್ಮದಿಯಾಗಿರುವಾಗ, ದ್ವೀಪವಾದ ಐರ್ಲೆಂಡ್ ‘ಇ’ ಹಾಕಿಕೊಂಡು ಬಂದು ನಿಲ್ಲುತ್ತದೆ. ನಮ್ಮಲ್ಲಿ ನೀರು ಸುತ್ತಲಿಂದ ಬರುವ ಬದಲು ಮೇಲಿನಿಂದ ಬರುತ್ತದೆ, ಅಷ್ಟೇ ವ್ಯತ್ಯಾಸ. ಇನ್ನು ‘ಆಗುಂಬೆಗೆ’ ಎನ್ನುತ್ತಾರಲ್ಲ, ಅಲ್ಲೇನು ಮಳೆ ಕಮ್ಮಿಯೇ ಎಂಬ ಆಕ್ಷೇಪ. ಆಗುಂಬೆ ಶಿವಮೊಗ್ಗ ಜಿಲ್ಲೆಯದು; ಈ ಸಿದ್ಧಾಂತದ ಪರ್ಮಿಟ್ಟು ಗಡಿ ದಾಟುವುದಿಲ್ಲ. ‘ಹೊರನಾಡಿಗೆ’ ಎಂಬ ರೂಪವೂ ತೊಡಕಲ್ಲ. ಅನ್ನಪೂರ್ಣೇಶ್ವರಿಯ ಊಟ ಮುಗಿಸಿದವರ ನಾಲಿಗೆಯಿಂದ ಒತ್ತಕ್ಷರ ಹೊರಡುವುದನ್ನು ನಿರೀಕ್ಷಿಸುವುದೇ ಅಮಾನವೀಯ.

ಶಾಲೆಯ ಮೇಷ್ಟರು ಬೇರೆಯೇ ಹೇಳುತ್ತಾರೆ: ‘ಅ’ಕಾರದಲ್ಲಿ ಮುಗಿಯುವ ನಪುಂಸಕಲಿಂಗವಾದರೆ ‘ಕ್ಕೆ’, ಉಳಿದವಕ್ಕೆ ‘ಗೆ’ ಅಥವಾ ‘ಇಗೆ’. ಊರಿಗಾದರೆ ಕಳಸಕ್ಕೆ, ಅಲ್ಲಿನ ದೇವರಿಗಾದರೆ ಕಳಸೇಶ್ವರನಿಗೆ. ಒಂದೇ ಸಾಲಿನಲ್ಲಿ ಎಲ್ಲವನ್ನೂ ವಿವರಿಸಿಬಿಡುವ ಇಂಥ ನಿಯಮವನ್ನು ಯಾವ ವಿದ್ವಾಂಸ ತಾನೆ ನಂಬಿಯಾನು? ಅದರಿಂದ ಒಂದು ವಿಚಾರಸಂಕಿರಣವೂ ಹುಟ್ಟುವುದಿಲ್ಲ. ಆದರೂ ಪ್ರಾಮಾಣಿಕತೆಯ ದೃಷ್ಟಿಯಿಂದ ಒಪ್ಪಿಕೊಳ್ಳಬೇಕಾದ ಒಂದು ಊರಿದೆ. ಇದೇ ಜಿಲ್ಲೆಯ, ಮಳೆಗಾಗಿ ಮುಗಿಲು ನೋಡುವ ಅಜ್ಜಂಪುರ. ಅದರ ಸಮಾಧಾನಕ್ಕೆ ಎರಡನೆಯ ಸಂಪುಟ ಸಿದ್ಧವಾಗುತ್ತಿದೆ; ಅದು ಹೊರಬರುವ ತನಕ ಕನ್ನಡ ಕಲಿಯುವವರು ದಯವಿಟ್ಟು ಅಜ್ಜಂಪುರಕ್ಕೆ ಹೋಗದಿರಬೇಕು.